ಯುದ್ಧದ ಪದ್ಯದಲ್ಲಿ ಬೀಸುಕಲ್ಲು

ನಮ್ಮ ಸಂಘದ ಈ ಸಲದ ರಾಜ್ಯೋತ್ಸವಕ್ಕೆ ಒಂದು ಪದ್ಯ ಸ್ಪರ್ಧೆ ಇಡಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಮಾತಾಯಿತು. ವಿಷಯ ‘ಯುದ್ಧ ಮತ್ತು ಯೋಧ’ ಎಂಬುದಕ್ಕೆ ಯಾರ ಅಡ್ಡಿಯೂ ಬರಲಿಲ್ಲ. ಆದರೆ ಪದ್ಯ ವೀರರಸದಲ್ಲಿಯೇ ಇರಬೇಕು, ಅಳುವ ಪದ್ಯಗಳನ್ನು ತೆಗೆದುಕೊಳ್ಳಕೂಡದು ಎಂಬ ನಿಬಂಧನೆಯನ್ನು ಕೆಲವು ಮಿತ್ರರು ಸೂಚಿಸಿದರು. ನಾವು ಅದನ್ನು ವಿರೋಧಿಸಿದೆವು. ಅಂದು ಹೊತ್ತು ಸಾಲದೆ ಬಾಯಲ್ಲೇ ಉಳಿದುಹೋದ ಮಾತುಗಳನ್ನು ಈಗ ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ತಟ್ಟೆ ತೊಳೆದು ಬಂದವರಿಗೆ ಪದ್ಯದ ಗೊಡವೆ ಏಕೆ ಎಂದು ನಗುವವರು ನಗಲಿ. ನಾವು ಏಳನೆಯ ತರಗತಿಗೆ ಶಾಲೆ ಬಿಟ್ಟವರು. ನಮಗೆ ಗೊತ್ತಿರುವ ಪದ್ಯಗಳೆಲ್ಲ ಊರಿನಲ್ಲಿ ಬೆಳಗಿನವರೆಗೆ ಕೂತು ನೋಡಿದ ಯಕ್ಷಗಾನದಿಂದ ಬಂದವು, ಇಲ್ಲವೆ ಓದು ಬಲ್ಲವರು ಓದಿ ಹೇಳಿದವು. ಆದರೂ ಯುದ್ಧದ ಪದ್ಯ ಪಂಡಿತರಿಗಷ್ಟೇ ಸೇರಿದ್ದೆಂದು ನಾವು ಒಪ್ಪಲಾರೆವು. ಯುದ್ಧಕ್ಕೆ ಹೋಗುವ ಹುಡುಗರು ಪಂಡಿತರ ಮನೆಗಳಿಂದಲೇ ಹೋಗುತ್ತಾರೆಯೆ? ಹೊಲ ಸಾಲದ, ಅಂಗಡಿಯಿಲ್ಲದ, ಅಪ್ಪ ಯಾವುದೋ ಊರಿನ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿರುವ ಮನೆಗಳಿಂದ ಹೋಗುವವರೇ ಹೆಚ್ಚು.

ಈ ವಿಚಾರ ನಮ್ಮ ತಲೆಗೆ ಹೊಕ್ಕದ್ದು 2025ರ ಮೇ 9ರ ರಾತ್ರಿ. ಪಹಲ್ಗಾಮಿನಲ್ಲಿ ಪ್ರವಾಸಿಗಳ ಕೊಲೆ ನಡೆದದ್ದು ಏಪ್ರಿಲ್ 22ಕ್ಕೆ. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮೇ 7ರಿಂದ ಗಡಿಯಾಚೆಗೂ ಈಚೆಗೂ ಗುಂಡು, ಬಾಂಬು, ಡ್ರೋನು. ದಿಲ್ಲಿಯ ಕೆಲವು ಭಾಗಗಳಲ್ಲಿ ದೀಪ ಆರಿಸುವ ಅಭ್ಯಾಸವನ್ನೂ ಮಾಡಿಸಿದ್ದರು. ಅಂಥ ಹೊತ್ತಿನಲ್ಲಿ ಮುನಿರ್ಕಾದ ನಮ್ಮ ಕೋಣೆಯಲ್ಲಿ ತಿಂಗಳ ಕೂಟ. ಹೋಟೆಲುಗಳ ಬಾಗಿಲು ಹಾಕಿ, ನೆಲ ಒರೆಸಿ ಎಲ್ಲರೂ ಬಂದು ಸೇರುವಾಗ ಹನ್ನೊಂದೂವರೆ. ಚಂದಾ ಲೆಕ್ಕ ಮುಗಿದ ಮೇಲೆ ಯಾರಾದರೊಬ್ಬರು ಹಾಡುವುದು ನಮ್ಮಲ್ಲಿ ರೂಢಿ. ಅಂದು ಒಬ್ಬ ಸಪ್ಲೈಯರ್ ಹುಡುಗ ಎದ್ದು ನಿಂತು ಫೋನಿನಲ್ಲಿ ಬಂದ ಒಂದು ಪದ್ಯವನ್ನು ಗಟ್ಟಿಯಾಗಿ ಓದಿದ. ವೈರಿಯನ್ನು ಬೂದಿ ಮಾಡುವುದು, ನೆಲವನ್ನು ನೆತ್ತರಲ್ಲಿ ತೊಳೆಯುವುದು, ತಾಯಿ ನಗುನಗುತ್ತ ಮಗನನ್ನು ಕೊಡುವುದು, ಇವು ಅದರ ತಿರುಳು. ಕೋಣೆ ಸಣ್ಣದು, ಚಪ್ಪಾಳೆ ದೊಡ್ಡದು. ಮುನಿರ್ಕಾದ ಗಲ್ಲಿ ಬಲ್ಲವರಿಗೆ ಗೊತ್ತು, ಎದುರು ಕಟ್ಟಡದ ಬಾಲ್ಕನಿ ಇಲ್ಲಿಂದ ಕೈಗೆಟುಕುವಷ್ಟು ದೂರ. ಅಲ್ಲಿಂದ ಯಾರೋ ಬೈದರು.

ಚಪ್ಪಾಳೆ ತಟ್ಟದವರು ಒಬ್ಬರೇ, ದೋಸೆ ಕಲ್ಲಿನ ಕಾಕಾ. ಅವರು ಮುಧೋಳ ತಾಲೂಕಿನವರು. ಹುಡುಗ ಅವರ ಬಳಿಗೆ ಹೋಗಿ, “ಏನ್ ಕಾಕಾ, ಪದ್ಯ ಹಿಡಿಸ್ಲಿಲ್ವಾ?” ಎಂದ.

“ಪದ್ಯ ಚಲೋ ಐತಿ ತಮ್ಮಾ. ಕೈಯಾಗ ಫೋನ್ ಹಿಡಕೊಂಡಿದ್ನಿ. ನಮ್ಮ ಹುಡುಗ ನಿನ್ನಿ ಸಂಜಿಯಿಂದ ಎತ್ತವಲ್ಲ,” ಎಂದರು ಕಾಕಾ.

ಕಾಕಾನ ತಮ್ಮನ ಮಗ ಸೈನ್ಯದಲ್ಲಿದ್ದಾನೆ, ಆ ತಿಂಗಳು ಜಮ್ಮುವಿನ ಕಡೆ ಇದ್ದ ಎಂಬುದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಪದ್ಯ ಓದಿದ ಹುಡುಗ ಒಳ್ಳೆಯವನು. ತಾನೇ ಎದ್ದು ಹೋಗಿ ಸ್ಟೋವು ಹಚ್ಚಿ ಚಹಾ ಮಾಡಿ ತಂದ. ಅವನನ್ನು ಹಳಿಯಲು ನಾವು ಇದನ್ನು ಬರೆಯುತ್ತಿಲ್ಲ. ನಾವೂ ಚಪ್ಪಾಳೆ ತಟ್ಟಿದವರೇ.

ಆ ರಾತ್ರಿ ಯಾರೂ ಮಲಗಲಿಲ್ಲ. ಒಂದು ಗಂಟೆಯ ಸುಮಾರಿಗೆ, ಫೋನು ಇನ್ನೂ ಸುಮ್ಮನೆ ಇದ್ದಾಗ, ಕಾಕಾ ಹೊತ್ತು ಕಳೆಯಲೆಂದೋ ಏನೋ, ತಮ್ಮ ಅಜ್ಜನ ಬಾಯಿಂದ ಕಲಿತ ಹಲಗಲಿ ಬೇಡರ ಲಾವಣಿಯನ್ನು ಸಣ್ಣ ದನಿಯಲ್ಲಿ ಹಾಡತೊಡಗಿದರು. ಹಲಗಲಿ ಅವರ ತಾಲೂಕಿನದೇ ಊರು. 1857ರಲ್ಲಿ ಕಂಪನಿ ಸರಕಾರ ಜನರ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಹುಕುಂ ಮಾಡಿತು. ಬೇಟೆಯಲ್ಲಿ, ಕಾವಲಿನಲ್ಲಿ ಬದುಕಿದ ಬೇಡರು ಕತ್ತಿ ಕೋವಿ ಕೊಟ್ಟರೆ ಕೈ ಕತ್ತರಿಸಿ ಕೊಟ್ಟಂತೆಯೇ. ಜಡಗ, ಬಾಲ, ರಾಮ, ಹನುಮ ಮುಂತಾದವರ ಹಿಂದೆ ನಿಂತು ಅವರು ಇಲ್ಲವೆಂದರು. ಆ ನವೆಂಬರಿನಲ್ಲಿ ಕಂಪನಿಯ ದಂಡು ಬಂದು ಊರಿಗೆ ಬೆಂಕಿ ಹಾಕಿತು. ಹಿಡಿದವರಲ್ಲಿ ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಅವರ ಊರಿನಲ್ಲಿಯೇ ಗಲ್ಲಿಗೇರಿಸಿದರು. ಆಮೇಲೆ ಈ ಲಾವಣಿಯನ್ನು ಜನರ ಬಾಯಿಂದ ಬರೆದುಕೊಂಡು ಅಚ್ಚು ಹಾಕಿಸಿದವನೂ ಫ್ಲೀಟ್ ಎಂಬ ಒಬ್ಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ಬೇರೆ ಸೋಜಿಗ.

ಲಾವಣಿಯಲ್ಲಿ ಶೌರ್ಯವಿದೆ, ಕುದುರೆ ಇದೆ, ಗುಂಡಿನ ಸದ್ದು ಇದೆ. ಆದರೆ ನಾವು ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿದ್ದು ಅದನ್ನಲ್ಲ. ದಂಡು ಊರನ್ನು ಸೂರೆ ಮಾಡುವಾಗ ಏನೇನು ಹೋಯಿತೆಂದು ಲಾವಣಿಕಾರ ಒಂದೊಂದಾಗಿ ಎಣಿಸುತ್ತಾನೆ. ಹಾಲು ಮೊಸರು ಹೋಯಿತು, ಬೆಣ್ಣೆ ಹೋಯಿತು. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ ಹೋಯಿತು. ಕೊಡಲಿ ಹೋಯಿತು, ಉಣ್ಣುವ ಗಂಗಾಳ ಹೋಯಿತು, ತಾಳಿ ಹೋಯಿತು, ಕೊನೆಗೆ ಬೀಸುಕಲ್ಲೂ ಹೋಯಿತು! ಬಂಧುಗಳೇ, ಇದು ನಾವು ದಿನಾ ಬೆಳಿಗ್ಗೆ ಐದು ಗಂಟೆಗೆ ಉಗ್ರಾಣದಲ್ಲಿ ಬರೆದುಕೊಳ್ಳುವ ಪಟ್ಟಿ. ಜೀರಿಗೆಯನ್ನು ನೆನಪಿಟ್ಟ ಯುದ್ಧದ ಪದ್ಯವನ್ನು ನಾವು ಅದುವರೆಗೆ ಕೇಳಿರಲಿಲ್ಲ. ದಂಡಿನವನಿಗೆ ಜೀರಿಗೆ ಏತಕ್ಕೆ? ಬೀಸುಕಲ್ಲನ್ನು ಹೊತ್ತುಕೊಂಡು ಅವನು ಎಷ್ಟು ದೂರ ಹೋದಾನು? ಆದರೂ ಅದು ಹೋಯಿತು. ಕಲ್ಲು ಹೋದ ಮನೆಯಲ್ಲಿ ಮಾರನೆಯ ಬೆಳಿಗ್ಗೆ ಹಿಟ್ಟಿಲ್ಲ, ರೊಟ್ಟಿಯಿಲ್ಲ. ಗಂಡಸು ಗಲ್ಲಿಗೆ ಹೋದ ಮೇಲೆ ಉಳಿದ ಹೆಂಗಸು ಮಕ್ಕಳಿಗೆ ಏನು ಕೊಟ್ಟಳು ಎಂಬ ಪ್ರಶ್ನೆ ಆ ಒಂದು ಕಲ್ಲಿನ ಹೆಸರಿನಲ್ಲಿಯೇ ಇದೆ.

ಇನ್ನೂ ಒಂದು ಮಾತು. ನಮ್ಮ ನಾಡಿನ ಹೆಂಗಸರು ತ್ರಿಪದಿಗಳನ್ನು ಕಟ್ಟಿ ಹಾಡಿದ್ದು ಬೀಸುಕಲ್ಲಿನ ಮುಂದೆ. ತವರಿನ ನೆನಪು, ಅತ್ತೆಯ ಕಾಟ, ಕೂಸಿನ ನಗು ಎಲ್ಲವೂ ಆ ಕಲ್ಲಿನ ಸುತ್ತಿನೊಡನೆ ಹಾಡಾಗಿ ಬಂದವು. ಕಲ್ಲು ಹೋದರೆ ಆ ಹಾಡೂ ಹೋದಂತೆ. ಗಂಡಸರ ಲಾವಣಿ ಉಳಿಯಿತು. ಹಲಗಲಿಯ ಹೆಂಗಸರು ಆ ವರ್ಷ ಏನು ಹಾಡಿಕೊಂಡರೆಂದು ಕೇಳಲು ಈಗ ಯಾರೂ ಇಲ್ಲ.

ಮುನಿರ್ಕಾದಿಂದ ಹೊರಟು ದೆಹಲಿ ಕರ್ನಾಟಕ ಸಂಘಕ್ಕೆ ಹೋಗುವಾಗ ನಾವು ಹಿಡಿಯುವ ರಸ್ತೆಯ ಹೆಸರು ರಾವ್ ತುಲಾರಾಮ್ ಮಾರ್ಗ. ಈ ತುಲಾರಾಮ್ ರೇವಾಡಿಯವನು. ಅವನ ಪಡೆ ನಾರನೌಲದ ಹತ್ತಿರ ಕಂಪನಿಯ ಮೇಲೆ ಕಾದಿದ್ದು 1857ರ ನವೆಂಬರಿನಲ್ಲಿಯೇ, ಹಲಗಲಿ ಉರಿದ ತಿಂಗಳಲ್ಲಿ. ಅವನು ಸೋತು ದೇಶ ಬಿಟ್ಟು 1863ರಲ್ಲಿ ಕಾಬೂಲಿನಲ್ಲಿ ತೀರಿಕೊಂಡ. ಎಷ್ಟೋ ವರ್ಷ ನಾವು ಈ ಹೆಸರನ್ನು ಬಸ್ಸಿನ ನಿಲ್ದಾಣದ ಹೆಸರೆಂದಷ್ಟೇ ತಿಳಿದಿದ್ದೆವು. ದಿಲ್ಲಿಯಲ್ಲಿ ಯುದ್ಧಕ್ಕೆ ಎತ್ತಿದ ಕಲ್ಲುಗಳಿಗೇನು ಕೊರತೆಯಿಲ್ಲ. ಇಂಡಿಯಾ ಗೇಟು 1931ರದು. ಮೊದಲ ಮಹಾಯುದ್ಧದ ಕಾಲದಲ್ಲಿ ಸತ್ತ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರು ಅದರ ಮೇಲೆ ಕೆತ್ತಿದೆ. ತೀನ್ ಮೂರ್ತಿಯ ಮೂರು ಕಂಚಿನ ಸವಾರರಲ್ಲಿ ಒಬ್ಬ ನಮ್ಮ ಮೈಸೂರಿನವನು. ಜೋಧಪುರದ ಲ್ಯಾನ್ಸರುಗಳ ಜೊತೆಗೆ ಮೈಸೂರು ಲ್ಯಾನ್ಸರುಗಳು 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದರು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್ ಗನ್ನು. 2019ರ ಫೆಬ್ರುವರಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಆ ಹೆಸರಿನ ಗೋಡೆಗಳನ್ನು ಮಹಾಭಾರತದ ಚಕ್ರವ್ಯೂಹದ ರೀತಿಯಲ್ಲಿ ಸುತ್ತುಸುತ್ತಾಗಿ ನಿಲ್ಲಿಸಿದ್ದಾರೆ. ಒಂದು ರಜೆಯ ದಿನ ನಾವು ಅಲ್ಲಿ ನಡೆದಾಡಿ ಬಂದೆವು. ಕಲ್ಲು ತನ್ನ ಕೆಲಸವನ್ನು ಮಾಡುತ್ತಿದೆ, ಹೆಸರನ್ನು ಅಳಿಸದೆ ಇಟ್ಟುಕೊಂಡಿದೆ. ಅದಕ್ಕಿಂತ ಹೆಚ್ಚನ್ನು ಕಲ್ಲಿನಿಂದ ಕೇಳಬಾರದು. ಆ ಹೆಸರಿನವನು ಮನೆಯಲ್ಲಿ ಕೂರುತ್ತಿದ್ದ ಮಣೆಯ ಮೇಲೆ ಆಮೇಲೆ ಯಾರು ಕೂತರು ಎಂಬುದನ್ನು ಹೇಳಬೇಕಾದದ್ದು ಪದ್ಯ.

ಚಕ್ರವ್ಯೂಹವೆಂದ ಮೇಲೆ ಅಭಿಮನ್ಯು ನೆನಪಾಗುತ್ತಾನೆ. ಅಭಿಮನ್ಯುವಿನಿಂದ ರನ್ನನಿಗೆ ಬರಬೇಕು. ಮುನಿರ್ಕಾದಲ್ಲಿ ಕೋಣೆ ಹಿಡಿದು ಜೆ.ಎನ್.ಯು.ನಲ್ಲಿ ಓದುವ ರಾಯಚೂರು ಕಡೆಯ ಒಬ್ಬ ವಿದ್ಯಾರ್ಥಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಕಾಕಾನ ಲಾವಣಿಯ ವಿಷಯ ಹೇಳಿದಾಗ ಅವರು, “ಹಾಗಾದರೆ ಅದೇ ಮುಧೋಳದ ಇನ್ನೊಬ್ಬರ ಯುದ್ಧದ ಪದ್ಯ ಕೇಳಿ ಅಣ್ಣಾ” ಎಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತು ‘ಗದಾಯುದ್ಧ’ವನ್ನು ಓದಿ ಬಿಡಿಸಿ ಹೇಳಿದರು. ಮುಧೋಳವೆಂದರೆ ದಿಲ್ಲಿಯವರಿಗೆ ನಾಯಿಯೊಂದೇ ಗೊತ್ತು. ರನ್ನನೂ ಆ ಊರಿನವನೆಂದು ನಮಗೂ ಅಂದೇ ತಿಳಿದದ್ದು. ಬಳೆಗಾರರ ಮನೆಯ ಮಗ. 982ರ ಸುಮಾರಿಗೆ ಈ ಕಾವ್ಯ ಬರೆದ. ಅನ್ನ ಕೊಟ್ಟ ಧಣಿ ಚಾಲುಕ್ಯರ ಸತ್ಯಾಶ್ರಯ. ಅವನನ್ನು ಭೀಮನಿಗೆ ಹೋಲಿಸಿ ಹೊಗಳುವುದಕ್ಕೆಂದೇ ಕಾವ್ಯ ಹೊರಟದ್ದು.

ಆದರೆ ಅದರಲ್ಲಿ ನಮ್ಮ ಎದೆಗೆ ನಾಟುವುದು ಗೆದ್ದ ಭೀಮನ ಆರ್ಭಟವಲ್ಲ. ನಾವು ಯಕ್ಷಗಾನದಲ್ಲಿ ಕೊಳದೊಳಗೆ ಅಡಗಿ ಕೂರುವ ಕೌರವನನ್ನು ನೋಡಿದವರು. ರನ್ನನ ಕೌರವ ಕೊಳಕ್ಕೆ ಇಳಿಯುವ ಮೊದಲು ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುತ್ತಾನೆ. ವೈರಿಯ ಮಗ ಅಭಿಮನ್ಯು ಬಿದ್ದಿರುವುದನ್ನು ಕಂಡು ಕೈಮುಗಿದು, ಇಂಥ ಸಾವಿನಲ್ಲಿ ಒಂದು ಪಾಲಾದರೂ ತನಗೆ ಸಿಗಲೆನ್ನುತ್ತಾನೆ. ಸ್ವಂತ ಮಗ ಲಕ್ಷಣಕುಮಾರನನ್ನು ಕಂಡಾಗ, ಅಪ್ಪನಿಗೆ ಮಗ ನೀರು ಬಿಡಬೇಕಾದ ಕ್ರಮ ತಲೆಕೆಳಗಾಯಿತೆಂದು ಗೋಳಾಡುತ್ತಾನೆ. ದುಶ್ಶಾಸನನ ಹೆಣದ ಮುಂದೆ ಅವನಿಗೆ ನೆನಪಾಗುವುದು ಅವ್ವನ ಹಾಲು. ಹಾಲು ಕುಡಿಯುವುದರಲ್ಲಿಯೂ ಉಣ್ಣುವುದರಲ್ಲಿಯೂ ತಾನು ಮೊದಲು, ತಮ್ಮ ಆಮೇಲೆ. ಸಾಯುವುದರಲ್ಲಿ ಮಾತ್ರ ತಮ್ಮ ಸರದಿ ತಪ್ಪಿಸಿ ಮುಂದೆ ಹೋದ. ಇದನ್ನು ಕೇಳಿದಾಗ ಪಾತ್ರೆ ತೊಳೆಯುತ್ತಿದ್ದ ಹುಡುಗನೂ ನಲ್ಲಿ ನಿಲ್ಲಿಸಿ ಕೂತ. ದುಶ್ಶಾಸನ ಎಂಥವನೆಂದು ಯಾರಿಗೆ ಗೊತ್ತಿಲ್ಲ? ದ್ರೌಪದಿಯ ಮುಡಿ ಹಿಡಿದು ಎಳೆದವನು. ಅಂಥವನೂ ಒಬ್ಬ ತಾಯಿಯ ಮೊಲೆಹಾಲು ಕುಡಿದ ಮಗು, ಒಬ್ಬ ಅಣ್ಣನ ಹಿಂದೆ ಓಡಿದ ತಮ್ಮ. ರನ್ನ ಅವನ ತಪ್ಪನ್ನು ಮನ್ನಿಸಿಲ್ಲ. ಅವನ ಸಾವಿನ ಲೆಕ್ಕವನ್ನು ಬರೆಯದೆ ಬಿಟ್ಟಿಲ್ಲ, ಅಷ್ಟೆ.

ಧಣಿಯ ಅನ್ನ ಉಂಡು ಧಣಿಯ ವೈರಿಯ ಕಣ್ಣೀರನ್ನು ಇಷ್ಟು ಸತ್ಯವಾಗಿ ಬರೆಯುವುದಕ್ಕೆ ಎಂಥ ಎದೆ ಬೇಕು! ಧಣಿಯ ಮುಂದೆ ನಿಂತು ಓವರ್‌ಟೈಮಿನ ಮಾತೆತ್ತಿದವರಿಗೆ ಇದು ಅರ್ಥವಾದೀತು. ಬಳೆಗಾರ ಹೆಂಗಸರ ಕೈಯನ್ನು ಬಲ್ಲವನು. ಯಾವ ಮನೆಯಲ್ಲಿ ಕೈ ಬರಿದಾಯಿತು, ಯಾವ ಮನೆಯ ಬಾಗಿಲಿಗೆ ಇನ್ನು ಹೋಗುವ ಹಾಗಿಲ್ಲ ಎಂಬುದು ಅವನಿಗೆ ಮೊದಲು ತಿಳಿಯುತ್ತದೆ. ಯುದ್ಧದಿಂದ ಬಳೆಗಾರನ ವ್ಯಾಪಾರಕ್ಕೆ ಆಗುವ ನಷ್ಟವೇ ಅದರ ನಿಜವಾದ ಲೆಕ್ಕ. ರನ್ನ ಇದನ್ನು ಮನಸ್ಸಿನಲ್ಲಿಟ್ಟೇ ಬರೆದನೆಂದು ಪಂಡಿತರು ಹೇಳಿಯಾರೋ ಇಲ್ಲವೋ, ನಮಗಂತೂ ಹಾಗೆ ಅನ್ನಿಸುತ್ತದೆ.

ಅಳುವ ಪದ್ಯ ಸೈನಿಕನ ಧೈರ್ಯ ಕುಂದಿಸುತ್ತದೆ ಎಂದು ಸಮಿತಿಯಲ್ಲಿ ಒಬ್ಬರು ವಾದಿಸಿದರು. ಮೊದಲ ಮಹಾಯುದ್ಧದಲ್ಲಿ ವಿಲ್ಫ್ರೆಡ್ ಓವೆನ್ ಎಂಬ ಇಂಗ್ಲಿಷ್ ಕವಿ ಇದ್ದ. ಅವನೂ ಸಿಪಾಯಿಗಳ ಮುಂದಾಳಾಗಿ ಕಂದಕದಲ್ಲಿ ಇದ್ದವನೇ. ಯುದ್ಧದ ಮೇಲೆ ಅತ್ಯಂತ ಕಠಿಣವಾದ ಪದ್ಯ ಬರೆದವನೂ ಅವನೇ. ಬರೆದು, ಗಾಯದಿಂದ ಎದ್ದು, ಮತ್ತೆ ರಣಕ್ಕೆ ಹೋಗಿ 1918ರ ನವೆಂಬರ್ 4ರಂದು ಸತ್ತ. ಯುದ್ಧ ನಿಂತದ್ದು ಸರಿಯಾಗಿ ಒಂದು ವಾರಕ್ಕೆ, 11ಕ್ಕೆ. ಊರಿನಲ್ಲಿ ಶಾಂತಿಯ ಗಂಟೆ ಬಾರಿಸುತ್ತಿರುವಾಗ ಅವನ ತಾಯಿಯ ಕೈಗೆ ಸಾವಿನ ತಂತಿ ಬಂತು. ದುಃಖವನ್ನು ಬರೆದವನು ಹೇಡಿಯಾಗಿದ್ದನೆಂದು ಹೇಳಲು ಯಾರಿಗೆ ಬಾಯಿ ಬಂದೀತು? ಪದ್ಯದಲ್ಲಿ ಅಬ್ಬರಿಸುವವರು ಹೆಚ್ಚಾಗಿ ರಣದಿಂದ ದೂರದಲ್ಲಿ ಇರುವವರು. ನಮ್ಮ ಮುನಿರ್ಕಾದ ಕೋಣೆಯೂ ರಣದಿಂದ ಸಾಕಷ್ಟು ದೂರದಲ್ಲಿಯೇ ಇತ್ತಲ್ಲವೆ!

ಇನ್ನೊಬ್ಬರ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಪದ್ಯದಿಂದ ಯಾವ ಯುದ್ಧ ನಿಂತಿದೆ? ಯಾವುದೂ ನಿಂತಿಲ್ಲ, ಒಪ್ಪಿದೆವು. ಗದಾಯುದ್ಧ ಬರೆದು ಇಪ್ಪತ್ತೈದು ವರ್ಷಕ್ಕೆ, ಅದೇ ಸತ್ಯಾಶ್ರಯನ ಆಳ್ವಿಕೆಯಲ್ಲಿ, ಚೋಳರ ದಂಡು ನಾಡಿಗೆ ನುಗ್ಗಿ ಹೆಂಗಸರು ಮಕ್ಕಳನ್ನು ಕೊಂದು ಸೂರೆ ಮಾಡಿತೆಂದು 1007ರ ಹೊಟ್ಟೂರಿನ ಶಾಸನ ಹೇಳುತ್ತದೆ. ಎಲ್ಲ ಯುದ್ಧವೂ ಒಂದೇ ಎಂದು ಕೂಡ ನಾವು ಹೇಳುವುದಿಲ್ಲ. ಹಲಗಲಿಯವರು ಕಾದದ್ದು ತಪ್ಪೆಂದು ಯಾವ ಕೂಲಿಕಾರ ಹೇಳಿಯಾನು? ಪಹಲ್ಗಾಮಿನಲ್ಲಿ ಹೆಂಡಿರ ಕಣ್ಣೆದುರಿಗೆ ಗಂಡಂದಿರನ್ನು ಕೊಂದವರ ಬಗ್ಗೆ ನಮಗೆ ಮರುಕವೂ ಇಲ್ಲ. ನಾವು ಕೇಳುವುದು ಇಷ್ಟೇ: ಯುದ್ಧ ಆಗಬೇಕಾದದ್ದೇ ಇರಲಿ, ಆಗಬಾರದ್ದೇ ಇರಲಿ, ಅದಕ್ಕೆ ಬಿದ್ದ ಬೆಲೆಯನ್ನು ಪೂರ್ತಿಯಾಗಿ ಬರೆಯಿರಿ. ಹೋಟೆಲಿನಲ್ಲಿ ಉಂಡವನೊಬ್ಬ, ಬಿಲ್ಲು ಕೊಟ್ಟವನೊಬ್ಬ ಆದರೆ ಗಲ್ಲಾದಲ್ಲಿ ಜಗಳವಾಗುತ್ತದೆ. ಯುದ್ಧದಲ್ಲಿ ದಿನಾ ಹಾಗೆಯೇ ಆಗುತ್ತಿದೆ, ಯಾರೂ ಜಗಳ ತೆಗೆಯುವುದಿಲ್ಲ.

ಆ ಬಿಲ್ಲು ರಣರಂಗದಲ್ಲಿ ಇರುವವರಿಗಷ್ಟೇ ಬರುತ್ತದೆಂದು ತಿಳಿಯಬೇಡಿ. ರವೆ ಇಡ್ಲಿಯನ್ನು ನಾವೆಲ್ಲ ಮಾಡುತ್ತೇವೆ, ಬಡಿಸುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ಅದನ್ನು ಮೊದಲು ಮಾಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಜಪಾನಿನವರು 1942ರಲ್ಲಿ ಬರ್ಮಾ ಹಿಡಿದು ಅಲ್ಲಿನ ಅಕ್ಕಿ ನಿಂತ ಕಾಲ ಅದು. 2022ರಲ್ಲಿ ಯುಕ್ರೇನಿನ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಏರಿತು. ಹೋಟೆಲಿಗೆ ಕೊಡುವ 19 ಕಿಲೋ ಸಿಲಿಂಡರಿನ ಬೆಲೆ ಆ ಮಾರ್ಚಿನಲ್ಲಿ ದಿಲ್ಲಿಯಲ್ಲಿ 2,000 ರೂಪಾಯಿ ದಾಟಿತು. ನಾವಿದ್ದ ಹೋಟೆಲಿನಲ್ಲಿ ದೋಸೆಯ ದರ ಏರಿತು, ನಮ್ಮ ರಾತ್ರಿಯ ಪಲ್ಯ ನಿಂತಿತು, ಸಂಬಳ ಮಾತ್ರ ಇದ್ದಲ್ಲೇ ಇತ್ತು. ಅದೇ ಮಾರ್ಚ್ 1ರಂದು ಖಾರ್ಕಿವ್ ಊರಿನಲ್ಲಿ ತಿನ್ನುವ ಸಾಮಾನು ತರಲು ಹೊರಗೆ ಹೋದ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಶೆಲ್ಲಿಗೆ ಬಲಿಯಾದ. ಅವನ ದೇಶದ ಯುದ್ಧವೂ ಅಲ್ಲ, ಅವನ ಜಗಳವೂ ಅಲ್ಲ. ಹಸಿವು ಮಾತ್ರ ಅವನದು. ಹಲಗಲಿಯ ಲಾವಣಿಕಾರ ಇಂದು ಇದ್ದಿದ್ದರೆ ತನ್ನ ಪಟ್ಟಿಯಲ್ಲಿ ಸಿಲಿಂಡರನ್ನೂ, ಆ ಹುಡುಗ ತರಲು ಹೋದ ತಿಂಡಿಯನ್ನೂ ಸೇರಿಸುತ್ತಿದ್ದ.

ಆದುದರಿಂದ ಸ್ಪರ್ಧೆಯ ನಿಬಂಧನೆಯಿಂದ ‘ವೀರರಸ ಮಾತ್ರ’ ಎಂಬುದನ್ನು ತೆಗೆಯಬೇಕು ಎಂಬುದು ನಮ್ಮ ಠರಾವು. ಅಬ್ಬರದ ಪದ್ಯ ಬಂದರೆ ಬರಲಿ, ಓದಲಿ, ಚಪ್ಪಾಳೆ ಬೀಳಲಿ. ಜೊತೆಗೆ ಫೋನು ಹಿಡಿದು ಕೂತವರ ಪದ್ಯವೂ ಬರಲಿ. ನಮ್ಮಲ್ಲಿ ಪಾತ್ರೆ ತೊಳೆಯುವ ಅಕ್ಕಂದಿರು ಮೂವರು ಇದ್ದಾರೆ. ಅವರಲ್ಲಿ ಒಬ್ಬರಿಗೆ ಬೀಸುವ ಪದಗಳು ಬರುತ್ತವೆಂದು ಕೇಳಿದ್ದೇವೆ. ಇದುವರೆಗಿನ ಯಾವ ಕೂಟಕ್ಕೂ ನಾವು ಅವರನ್ನು ಕರೆದಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯಬೇಕಾಗಿದೆ. ಪದ್ಯ ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ಮೇಲೆ ಹೇಳಿದ ವಿದ್ಯಾರ್ಥಿ ಒಪ್ಪಿದ್ದಾರೆ. ತೀರ್ಪುಗಾರರು ಯಾರೆಂಬುದನ್ನು ಸಾಮಾನ್ಯ ಸಭೆ ಗೊತ್ತು ಮಾಡಲಿ.

ಕಾಕಾನ ಹುಡುಗನ ಸುದ್ದಿ ಬಿಟ್ಟೇಹೋಯಿತು. ಮೇ 10ರ ಸಂಜೆ ಗುಂಡು ನಿಲ್ಲಿಸುವ ಒಪ್ಪಂದವಾಯಿತಷ್ಟೆ. 11ರಂದು ಬೆಳಿಗ್ಗೆ, ಕಾಕಾ ಕಲ್ಲಿಗೆ ನೀರು ಚಿಮುಕಿಸಿ ಮೊದಲ ದೋಸೆ ಹುಯ್ಯುತ್ತಿರುವಾಗ ಫೋನು ಬಂತು. ಆ ಕಡೆಯಿಂದ ಮೊದಲು ಕೇಳಿದ ಮಾತು, “ನಾಷ್ಟಾ ಆತೇನ ಕಾಕಾ?” ಕಾಕಾ ಏನು ಹೇಳಿದರೋ ಗದ್ದಲದಲ್ಲಿ ನಮಗೆ ಕೇಳಿಸಲಿಲ್ಲ. ಆ ದೋಸೆ ಹೊತ್ತಿ ಕಪ್ಪಾಯಿತು.

ಬರುವ ಕೂಟದಲ್ಲಿ ಕಾಕಾ ಹಲಗಲಿ ಲಾವಣಿಯನ್ನು ಪೂರ್ತಿ ಹಾಡಲು ಒಪ್ಪಿದ್ದಾರೆ. ದಪ್ಪು ಸಿಕ್ಕಿದೆ, ತುಂತುಣಿ ಸಿಕ್ಕಿಲ್ಲ. ಯಾರ ಬಳಿಯಾದರೂ ಇದ್ದರೆ ಹನ್ನೊಂದು ಗಂಟೆಯ ಒಳಗೆ ಮುನಿರ್ಕಾದ ಕೋಣೆಗೆ ತಂದುಕೊಡಬೇಕು. ಎದುರು ಬಾಲ್ಕನಿಯವರಿಗೂ ಈ ಸಲ ಮೊದಲೇ ಹೇಳಿ ಬಂದಿದ್ದೇವೆ.